ಹಂಚಲು ಹಗುರ ಪ್ರತಿ, ಉಳಿಸಲು ಮೂಲ ಪ್ರತಿ



ಪಾಲಾರ್ ದಡದ ಈ ಬೇತಮಂಗಲದಲ್ಲಿ ನನಗೆ ಸಮ್ಮೇಳನದ ಅಧ್ಯಕ್ಷತೆಯ ಗೌರವ ಕೊಟ್ಟಿದ್ದೀರಿ.

ಬಾಣ ಅರಸ ವಿಜಯಾದಿತ್ಯನ ಹೆಸರಿನಿಂದ ಹಿಂದೆ ವಿಜಯಾದಿತ್ಯಮಂಗಲ ಎನಿಸಿಕೊಂಡಿದ್ದ ಊರು ಇದು. ಒಡೆದುಹೋಗಿದ್ದ ಇಲ್ಲಿನ ಕೆರೆಯನ್ನು 10ನೆಯ ಶತಮಾನದಲ್ಲಿ ಇರಿವ ನೊಳಂಬ ಸರಿಪಡಿಸಿದ ಸಂಗತಿ ನಮಗೆ ತಿಳಿದಿರುವುದು ಶಾಸನದಿಂದ. ಕೋಲಾರ ಜಿಲ್ಲೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನಮಾಲೆಯ 10ನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಕಲ್ಲಿನಿಂದ ಕಾಗದಕ್ಕೆ ಇಳಿದ ಅಕ್ಷರ ಈಗ ಕಂಪ್ಯೂಟರಿಗೆ ಬರುತ್ತಿದೆ. ಈ ಹಾದಿಯಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬಹುದು ಎಂಬುದೇ ನನ್ನ ಇಂದಿನ ಮಾತು.

ಮೊದಲು ಅಕ್ಷರ. ಯೂನಿಕೋಡ್ ನಮ್ಮ ಪ್ರತಿಯೊಂದು ಅಕ್ಷರಕ್ಕೂ ಸ್ವರಚಿಹ್ನೆಗೂ ಒಂದೊಂದು ಸಂಖ್ಯೆ ಗೊತ್ತುಮಾಡಿದೆ. ‘ಬೇತಮಂಗಲ’ ಎಂದು ಬರೆಯಲು ಅಂಥ 7 ಸಂಕೇತ ಬೇಕು. ಅವನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಕ್ರಮದಲ್ಲಿ ಒಂದಕ್ಕೆ 3 ಬೈಟ್‌ನಂತೆ ಒಟ್ಟು 21 ಬೈಟ್. ಇಂಥ ಬರಹವನ್ನು ಝಿಪ್ ಮಾಡಿ ಕುಗ್ಗಿಸಿದಾಗ ಮತ್ತೆ ಮತ್ತೆ ಬರುವ ಭಾಗಗಳಿಗೆ ಚಿಕ್ಕ ಗುರುತು ಬೀಳುತ್ತದೆ. ಬಿಚ್ಚಿದಾಗ ಒಂದು ಕೊಂಬು, ಒಂದು ದೀರ್ಘವೂ ತಪ್ಪದೆ ಎಲ್ಲವೂ ವಾಪಸ್ಸು ಬರುತ್ತದೆ. ಇಲ್ಲಿ ನಷ್ಟವೇ ಇಲ್ಲ.

ಚಿತ್ರದ ಮಾತು ಬೇರೆ. 1 ಕೋಟಿ 20 ಲಕ್ಷ ಚುಕ್ಕಿಗಳ ಒಂದು ಫೋಟೊ, ಚುಕ್ಕಿಗೆ 3 ಬೈಟ್‌ನಂತೆ, 36 ಮೆಗಾಬೈಟ್ ಆಗುತ್ತದೆ. ಅದನ್ನು ಜೇಬಿಗೆ ಹಿಡಿಸುವಂತೆ ಮಾಡಿದ ಗಣಿತ ನಮ್ಮ ನೆಲದವರದು ಎಂಬುದನ್ನು ಹೆಮ್ಮೆಯಿಂದ ಹೇಳುತ್ತೇನೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್, 1972ರಲ್ಲಿ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ವಿಧಾನದ ಸಂಶೋಧನೆಗೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನ ಧನಸಹಾಯ ಕೇಳಿದರು. ಸಿಗಲಿಲ್ಲ. ಅವರು ಕೈಬಿಡಲಿಲ್ಲ, ಟಿ. ನಟರಾಜನ್, ಕೆ.ಆರ್. ರಾವ್ ಅವರ ಜೊತೆಗೂಡಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಇಂದಿನ ಜೆಪೆಗ್ ಚಿತ್ರ ನಿಂತಿರುವುದು ಅದರ ಮೇಲೆ. ಎಂಪಿ3 ಹಾಡಿನಲ್ಲೂ ಮೊಬೈಲ್ ವಿಡಿಯೊದಲ್ಲೂ ಅದೇ ಗಣಿತದ ಬೇರೆ ಬೇರೆ ರೂಪಗಳಿವೆ.

ಜೆಪೆಗ್ ವಿಧಾನವು ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕದಲ್ಲೂ ನಿಧಾನ ಬದಲಾಗುವ ಬೆಳಕು ಎಷ್ಟು, ಥಟ್ಟನೆ ಬದಲಾಗುವ ಸೂಕ್ಷ್ಮ ಎಷ್ಟು ಎಂದು ಬೇರ್ಪಡಿಸುತ್ತದೆ. ಆಮೇಲೆ, ಮೊರದಲ್ಲಿ ರಾಗಿ ಕೇರಿದ ಹಾಗೆ, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮವನ್ನು ಹಾರಿಸಿಬಿಡುತ್ತದೆ. ಮದುವೆ ಫೋಟೊಗೆ ಇದರಿಂದ ಏನೂ ಕೊರತೆಯಿಲ್ಲ. ಆದರೆ ಸವೆದ ಶಾಸನದಲ್ಲಿ ಉಳಿದಿರುವುದೇ ಆ ಸಣ್ಣ ಅಂಚು, ಆ ತೆಳು ಗೀರು. ಯಂತ್ರಕ್ಕೆ ಹೊಟ್ಟಾದದ್ದು ಶಾಸನ ಓದುವವರಿಗೆ ಕಾಳು. ಅದೇ ಫೋಟೊ ಮೊಬೈಲಿನಿಂದ ಮೊಬೈಲಿಗೆ ಕುಗ್ಗುತ್ತ ಹೋದರೆ ಹೋದ ಗೀರನ್ನು ಯಾವ ಗಣಿತವೂ ಮರಳಿ ತರಲಾರದು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಅಕ್ಷರದ ಆಳವನ್ನೂ ದಾಖಲಿಸುತ್ತಿದೆ. ಆ ಎಚ್ಚರ ನಮ್ಮ ಸೀಮೆಗೂ ಬರಬೇಕು.

ದನಿಗೂ ಇದೇ ಮಾತು. ಸಿಡಿ ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 44,100 ಮಾದರಿಗಳು ಬೇಕು. ಎಂಪಿ3 ಜೋರು ಸದ್ದಿನ ಮರೆಯಲ್ಲಿರುವ ಸಣ್ಣ ಸದ್ದನ್ನು ಬಿಟ್ಟುಬಿಡುತ್ತದೆ. ನಮ್ಮ ಸೀಮೆಯಲ್ಲೂ ಉಳಿಸಬೇಕಾದ ದನಿಗಳಿವೆ. ಕೆ.ಜಿ.ಎಫ್.ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸುರಂಗಕ್ಕೆ ಇಳಿದವರ ನೆನಪುಗಳು ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ಇವೆ. ಅವರಿಗೆ ವಯಸ್ಸಾಗುತ್ತಿದೆ. ಆ ದನಿಗಳನ್ನು ಈಗಲೇ, ಪೂರ್ಣವಾಗಿ ಹಿಡಿದಿಡಬೇಕು.

ಆದ್ದರಿಂದ ಸಮ್ಮೇಳನದ ಮುಂದೆ ಮೂರು ಕೋರಿಕೆಗಳನ್ನಿಡುತ್ತೇನೆ. ಒಂದು: ಬರಹವನ್ನು ಯೂನಿಕೋಡಿನಲ್ಲೇ ಟೈಪ್ ಮಾಡೋಣ, ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡ ಕಡತಗಳನ್ನು ಪರಿವರ್ತಿಸೋಣ. ಎರಡು: ಶಾಸನದ ಚಿತ್ರವನ್ನು ಕ್ಯಾಮೆರಾದ ಮೂಲ ಕಡತವಾಗಿ, ಹಿರಿಯರ ಮಾತನ್ನು ಕುಗ್ಗಿಸದ ವೇವ್ ಕಡತವಾಗಿ ಇಡೋಣ; ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸೋಣ. ಮೂರು: ಪ್ರತಿ ಶಾಲೆ, ಪ್ರತಿ ಗ್ರಂಥಾಲಯದಲ್ಲಿ ಒಂದೊಂದು ಮೂಲ ಪ್ರತಿ ಇರಲಿ, ಹಂಚಲು ಹಗುರ ಪ್ರತಿ ಸಾಕು.

ಯಾವುದು ಕಾಳು, ಯಾವುದು ಹೊಟ್ಟು ಎಂದು ತೀರ್ಮಾನಿಸುವ ಹಕ್ಕು ನಮ್ಮ ಮುಂದಿನವರದೂ ಹೌದು. ಮೂಲ ಪ್ರತಿ ಇದ್ದರೆ ಮಾತ್ರ ಅವರಿಗೆ ಆ ಹಕ್ಕು ಉಳಿಯುತ್ತದೆ. ಈ ಕೆಲಸಕ್ಕೆ ಇಲ್ಲಿನ ಯುವಕ ಯುವತಿಯರು ಇಂದೇ ಹೆಸರು ಕೊಡಿ. ಜೈ ಕರ್ನಾಟಕ!