ಕೈ ಹೋದರೆ ಹಕ್ಕು ಹೋಗುವುದಿಲ್ಲ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡವನನ್ನು ಕಂಡರೆ ನಾವೇನೆನ್ನುತ್ತೇವೆ? "ಪಾಪ, ಅವನ ಗ್ರಹಚಾರ" ಎನ್ನುತ್ತೇವೆ. ಮಾಲೀಕನಿಗೆ ಈ ಮಾತು ಬಹಳ ಹಿತ. ಗ್ರಹಚಾರಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲವಲ್ಲ! ಆದರೆ ಕಾಯಿದೆ ಕೇಳುತ್ತದೆ. ಕೇಳುವಂತೆ ನಾವು ಮಾಡಬೇಕು, ಅಷ್ಟೆ.

ಒಂದು ಮೊಕದ್ದಮೆಯ ಸಂಗತಿ ಹೇಳುತ್ತೇನೆ. 1968ರಲ್ಲಿ ಒಬ್ಬ ಬಡಗಿ ಸಿನಿಮಾ ಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದಾಗ ಕೆಳಗೆ ಬಿದ್ದ. ಎಡಗೈಯನ್ನು ಮೊಣಕೈಯಿಂದ ಮೇಲಕ್ಕೆ ಕತ್ತರಿಸಬೇಕಾಯಿತು. ಇದು ಪೂರ್ಣ ಅಶಕ್ತತೆಯಲ್ಲವೆಂದು ಮಾಲೀಕ ವಾದಿಸಿದ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬಡಗಿಯ ಕೆಲಸ ಒಂದೇ ಕೈಯಿಂದ ಆಗುವುದಿಲ್ಲ, ಆದ್ದರಿಂದ ಅವನ ದುಡಿಮೆ ಪೂರ್ತಿ ಹೋದಂತೆಯೇ ಎಂದು ನ್ಯಾಯಾಲಯ 1975ರಲ್ಲಿ ಹೇಳಿತು. ಪರಿಹಾರ 9,800 ರೂಪಾಯಿ. ಸಕಾಲಕ್ಕೆ ಕೊಡದ ತಪ್ಪಿಗೆ ಅದರ ಅರ್ಧದಷ್ಟು ದಂಡ, ಮೇಲೆ ಬಡ್ಡಿ. ಅಪಘಾತವಾದ ದಿನದಿಂದಲೇ ಮಾಲೀಕ ಸಾಲಗಾರ ಎಂಬುದೇ ಆ ತೀರ್ಪಿನ ತಿರುಳು.

ಆಗ ಇದ್ದದ್ದು 1923ರ ಪರಿಹಾರ ಕಾಯಿದೆ. ಈಗ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ; 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಇ.ಎಸ್.ಐ. ಇದ್ದವರಿಗೆ ಪರಿಹಾರ ಅಲ್ಲಿಂದ ಬರಬೇಕು.

ಪರಿಹಾರದ ಹಣ ಕರಗಿದ ಮೇಲೆ ಗತಿಯೇನು? ಕೆಲಸ ಬೇಡವೇ? ಅದಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯನ್ನು ನೋಡಿ. 1995ರ ಕಾಯಿದೆ 7 ಬಗೆಯ ವೈಕಲ್ಯ ಎಣಿಸಿತ್ತು, ಇದು 21 ಎಣಿಸುತ್ತದೆ. ನೌಕರಿಯಲ್ಲಿದ್ದಾಗ ಅಂಗವಿಕಲನಾದವನನ್ನು ತೆಗೆದುಹಾಕಕೂಡದು, ದರ್ಜೆ ಇಳಿಸಕೂಡದು ಎಂದು ಅದರ 20ನೆಯ ಕಲಂ ಹೇಳುತ್ತದೆ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು; ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿಟ್ಟುಕೊಳ್ಳಬೇಕು.

ಚೆನ್ನಾಗಿದೆಯಲ್ಲವೇ? ಆದರೆ ಈ ರಕ್ಷಣೆ ಸರ್ಕಾರಿ ಸಂಸ್ಥೆಗಳ ನೌಕರರಿಗೆ ಮಾತ್ರ. ಖಾಸಗಿ ಗಿರಣಿಯ ಕೆಲಸಗಾರ ಈ ಕಲಮಿನ ಹೊರಗೆ. ಸರ್ಕಾರಿ ಗುಮಾಸ್ತನ ಕೈಗೊಂದು ಬೆಲೆ, ನೇಕಾರನ ಕೈಗೊಂದು ಬೆಲೆಯೇ? ಗುಮಾಸ್ತನಿಂದ ಕಿತ್ತುಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಅವನಿಗಿರುವುದು ನಮಗೂ ಇರಲಿ ಎನ್ನುತ್ತೇವೆ. ಕಾಯಿದೆ ತಿದ್ದುವವರೆಗೆ ಸಂಘದ ಒಪ್ಪಂದದಲ್ಲೇ ಈ ಷರತ್ತು ಬರೆಸಬೇಕು.

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಉದ್ಯೋಗ, ವ್ಯಾಪಾರಕ್ಕಾಗಿ ರಿಯಾಯಿತಿ ದರದಲ್ಲಿ ಸರ್ಕಾರ ಹಂಚುವ ಜಮೀನಿನಲ್ಲಿ ಶೇಕಡ 5 ಭಾಗ ಅಂಗವಿಕಲರಿಗೆ ಮೀಸಲಿಡಬೇಕೆಂದು 37ನೆಯ ಕಲಂ ಹೇಳುತ್ತದೆ. ಇದಕ್ಕೆ ಕನಿಷ್ಠ ಶೇಕಡ 40 ವೈಕಲ್ಯದ ಪ್ರಮಾಣಪತ್ರ ಬೇಕು. ಅಂಥ ಹಂಚಿಕೆ ನಡೆದಾಗ ಆ ಪಾಲು ಎಲ್ಲಿ ಎಂದು ಕೇಳಿ.

ಕೊನೆಗೆ ನಮ್ಮ ಬಾಯಿಯ ಮಾತು. "ಏ ಕುಂಟ" ಎಂದು ಕೂಗುವವರು ನಮ್ಮಲ್ಲೂ ಇದ್ದಾರೆ. ಸಾರ್ವಜನಿಕರ ಎದುರು ಬೇಕೆಂದೇ ಅಂಗವಿಕಲರನ್ನು ಅವಮಾನಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಸೆರೆವಾಸವುಂಟು. ಶಿಕ್ಷೆಯ ಹೆದರಿಕೆಯಿಂದಲ್ಲ, ಮರ್ಯಾದೆಗಾಗಿ ಆ ಮಾತು ಬಿಡಿ.

ಅಪಘಾತವಾದರೆ ಅಂದೇ ಬರವಣಿಗೆಯಲ್ಲಿ ತಿಳಿಸಿ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಒಬ್ಬರೇ ಆಫೀಸಿಗೆ ಹೋಗಬೇಡಿ, ಸಂಘದವರನ್ನು ಕರೆದುಕೊಂಡು ಹೋಗಿ. ಇಂದು ಅವನ ಕೈ, ನಾಳೆ ನಮ್ಮದೇ ಇರಬಹುದು.