ಅಂಗಡಿಗೆ ಹೋಗಲು ಇಲ್ಲದ ನಾಚಿಕೆ

(ಚಿಕ್ಕೋಡಿಯಲ್ಲಿ ಕಾರಖಾನೆಯ ಕೆಲಸಗಾರರೂ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ. ಭಾಷಣಕಾರರ ಕೋರಿಕೆಯಂತೆ ಅವರ ಹೆಸರನ್ನು ಕೊಟ್ಟಿಲ್ಲ.)



ಇಂದು ನಾನು ಪಗಾರದ ಮಾತನ್ನಾಗಲಿ ಬೋನಸ್ಸಿನ ಮಾತನ್ನಾಗಲಿ ಆಡಲು ನಿಂತಿಲ್ಲ. ಆ ಪಗಾರ ಮನೆಯ ಹೊಸ್ತಿಲು ದಾಟುವ ಮೊದಲೇ ಎಲ್ಲಿ ಕರಗಿ ಹೋಗುತ್ತದೆಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ಹೇಳುವ ಹಕ್ಕು ನನಗಿದೆ. ಹದಿನಾಲ್ಕು ವರುಷ ಕುಡಿದವನು ನಾನು. ಹೆಂಡತಿಯ ತಾಳಿಯ ಗುಂಡು ಒತ್ತೆಯಿಟ್ಟು ಕುಡಿದೆ. ಮಗಳ ಶಾಲೆಯ ಫೀ ಎಂದು ಗೆಳೆಯರಲ್ಲಿ ಕೈಗಡ ತಂದು ಕುಡಿದೆ. ಪ್ರತಿ ಸಲವೂ ಚಿಂಚಲಿ ಮಾಯಕ್ಕನ ಆಣೆ ಮಾಡಿದೆ. ಒಂದು ಆಣೆಯೂ ಎರಡು ವಾರ ಬಾಳಲಿಲ್ಲ.

ಕಾಯಿದೆಯೊಂದರಿಂದಲೇ ಕುಡಿತ ನಿಲ್ಲುವುದಿಲ್ಲವೆಂಬುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಈ ತಾಲ್ಲೂಕುಗಳು ಮುಂಬಯಿ ಪ್ರಾಂತದಲ್ಲಿದ್ದಾಗ 1949ರ ಪಾನನಿರೋಧ ಕಾಯಿದೆ ಇಲ್ಲಿಯೂ ಇತ್ತು, ಕಳ್ಳಭಟ್ಟಿಯೂ ಇತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂದಿತು. ಅಬಕಾರಿ ರೊಕ್ಕದಿಂದ ಬೊಕ್ಕಸ ತುಂಬುವ ಸರಕಾರವನ್ನು ಪ್ರಶ್ನಿಸುವ ಕೆಲಸ ನಡೆಯಲೇಬೇಕು. ಆದರೆ ಈ ಸಂಜೆಯೇ ಕೈ ನಡುಗುತ್ತಿರುವವನು ಆ ಹೋರಾಟ ಗೆಲ್ಲುವ ತನಕ ಕಾಯುವಂತಿಲ್ಲ. ಅವನಿಗಾಗಿ ಒಂದು ಹಳೆಯ ಸಂಗತಿ ಹೇಳುತ್ತೇನೆ.

ಅಮೇರಿಕೆಯಲ್ಲಿ ಅಕ್ರನ್ ಎಂಬುದು ರಬ್ಬರ್ ಟೈರಿನ ಕಾರಖಾನೆಗಳ ಊರು. 1935ರಲ್ಲಿ ಬಿಲ್ ವಿಲ್ಸನ್ ಎಂಬ ಷೇರು ದಲಾಲ ವ್ಯವಹಾರಕ್ಕೆಂದು ಅಲ್ಲಿಗೆ ಹೋದ. ವ್ಯವಹಾರ ಕೆಟ್ಟಿತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಅವನಿಗೆ ಮತ್ತೆ ಕುಡಿಯಬೇಕೆನಿಸಿತು. ಆಗ ಅವನು ಅಲ್ಲಿ ಇಲ್ಲಿ ಫೋನು ಮಾಡಿ ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿಸಿದ. ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಇಬ್ಬರೂ ಕುಳಿತು ತಂತಮ್ಮ ಗೋಳು ಹೇಳಿಕೊಂಡರು, ಇಬ್ಬರೂ ಉಳಿದುಕೊಂಡರು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಹುಟ್ಟಿದ್ದು ಹೀಗೆ. 1957ರಲ್ಲಿ ಅದು ಮುಂಬಯಿಗೆ ಬಂದಿತು.

ಅಲ್ಲಿ ಏನು ನಡೆಯುತ್ತದೆಂದು ಕೇಳುವಿರಿ. ಒಂದು ಕೋಣೆ, ಕೆಲವು ಕುರ್ಚಿ, ಚಹ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ಹೇಳಲಾರದವನು ಸುಮ್ಮನೆ ಕೂಡ್ರಬಹುದು. ಚಂದಾ ಇಲ್ಲ, ಖರ್ಚಿಗೆ ಡಬ್ಬಿ ತಿರುಗುತ್ತದೆ, ಇದ್ದವರು ಹಾಕುತ್ತಾರೆ. ಜಾತಿ ಕೇಳುವುದಿಲ್ಲ, ಕುಡಿತ ಬಿಡಬೇಕೆಂಬ ಆಸೆಯೊಂದೇ ಸಾಕು. ಅಲ್ಲಿ ಕೇಳಿದ್ದು ಹೊರಗೆ ಹೋಗಕೂಡದು. ಪತ್ರಿಕೆಯಲ್ಲಿ ಹೆಸರು ಹಾಕಿಸಬಾರದೆಂಬುದೂ ಅವರ ರೀತಿ. ನಾನು ಸಂಪಾದಕರನ್ನು ಕೇಳಿಕೊಂಡದ್ದು ಅದಕ್ಕಾಗಿಯೇ.

ನಾನು ಮೊದಲ ಸಲ ಹೋದದ್ದು ಗಡಿಯಾಚೆಯ ಪಟ್ಟಣಕ್ಕೆ, ಗುರುತಿನವರು ಕಾಣಬಾರದೆಂದು. ಬಾಗಿಲಲ್ಲಿ ಚಹ ಕೊಟ್ಟವರು ಅಥಣಿಯ ಕಡೆಯ ಬಟ್ಟೆ ವ್ಯಾಪಾರಿ! ಅವರ ಅಂಗಡಿಯಲ್ಲಿ ನನ್ನ ಉದ್ದರಿ ಇನ್ನೂ ಬಾಕಿಯಿತ್ತು. ಅವರೂ ಅದೇ ಹೆದರಿಕೆಯಿಂದ ಅಷ್ಟು ದೂರ ಬರುತ್ತಿದ್ದರು. (ಅವರನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ.) ಹಾಡಹಗಲು ಸೆರೆ ಅಂಗಡಿಯ ಮುಂದೆ ನಿಲ್ಲಲು ನಮಗೆ ನಾಚಿಕೆಯಾಗಿರಲಿಲ್ಲ. ಬಿಡುವ ಜಾಗಕ್ಕೆ ಹೋಗಲು ಮಾತ್ರ ನಾಚಿದ್ದೆವು.

ಒಂದು ಎಚ್ಚರಿಕೆಯ ಮಾತು. ದಿನವೂ ಬಹಳ ಕುಡಿಯುವವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸು, ಭ್ರಮೆ ಬರಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರರನ್ನು ಕಾಣಿರಿ. ಮನೋವೈದ್ಯರು ಯಾವ ವಾರ ಬರುತ್ತಾರೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿರಿ. 14446 ಸರಕಾರದ ವ್ಯಸನಮುಕ್ತಿ ಸಹಾಯವಾಣಿ. ಕರೆಗೆ ರೊಕ್ಕ ಬೀಳದು.

ಸಭೆ ಹುಡುಕುವುದು ಹೀಗೆ: ಎ.ಎ.ಯವರ ಸಭೆಗಳ ಪಟ್ಟಿ ಇಂಟರ್‌ನೆಟ್ಟಿನಲ್ಲಿದೆ, ಶಾಲೆಗೆ ಹೋಗುವ ಮಕ್ಕಳೂ ತೆಗೆದು ತೋರಿಸಿಯಾರು. ಹೊರಡುವ ಮೊದಲು ಫೋನು ಮಾಡಿ ವಾರ, ವೇಳೆ, ಜಾಗ ಖಚಿತಪಡಿಸಿಕೊಳ್ಳಿರಿ. ಮನೆಯವರೂ ಬರುವುದಾದರೆ ಅದು ಎಲ್ಲರಿಗೂ ತೆರೆದ ಸಭೆಯೇ ಎಂದು ಕೇಳಿರಿ. ಕಾಗವಾಡದವರಿಗೆ ಮಿರಜ ಹತ್ತಿರ. ರಾಯಬಾಗ, ಕುಡಚಿಯಿಂದ ಅಲ್ಲಿಗೆ ರೈಲಿದೆ. ನಿಪ್ಪಾಣಿಯವರಿಗೆ ಕೊಲ್ಲಾಪುರವೂ ದೂರವಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳೂ ಇವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಕೂಡುತ್ತಾರೆ. ನಿಮಗೆ ಯಾವುದು ಹಿಡಿಸುವುದೋ ಅದಕ್ಕೆ ಹೋಗಿರಿ.

ನಮ್ಮೂರಲ್ಲಿ ಸಭೆಯೇ ಇಲ್ಲವೆನ್ನುವವರಿಗೆ ಉತ್ತರ ಅಕ್ರನ್ನಿನಲ್ಲಿದೆ. ಅಲ್ಲಿ ಇದ್ದವರು ಇಬ್ಬರೇ. ನಾನೂ ಆ ಬಟ್ಟೆ ವ್ಯಾಪಾರಿಯೂ ಈಗ ಇಬ್ಬರಾಗಿದ್ದೇವೆ. ಸಂಘದ ಹಿಂದಿನ ಕೋಣೆಯನ್ನು ಆದಿತ್ಯವಾರ ಸಂಜೆ ಒಂದು ತಾಸು ನಮಗೆ ಕೊಡಿರೆಂದು ಬೇಡುತ್ತೇನೆ. ಬಾಡಿಗೆ ಕೊಡುತ್ತೇವೆ, ಪುಕ್ಕಟೆ ಬೇಡ. ಆ ಒಂದು ತಾಸು ಅಲ್ಲಿ ಸಂಘದ ಬಾವುಟವೂ ಬೇಡ, ಪಕ್ಷದ ಮಾತೂ ಬೇಡ. ಬೇರೆ ಪಕ್ಷದವನ ಹೆಂಡತಿಯೂ ನನ್ನ ಹೆಂಡತಿಯಂತೆಯೇ ರಾತ್ರಿ ಬಾಗಿಲು ಕಾಯುತ್ತಾಳೆ.

ನೀವು ಒಪ್ಪಿದರೆ ಮುಂದಿನ ಆದಿತ್ಯವಾರ ಆರು ಗಂಟೆಗೆ ನಾವಿಬ್ಬರೂ ಅಲ್ಲಿರುತ್ತೇವೆ. ಯಾರೂ ಬಾರದಿದ್ದರೂ ಏಳರ ತನಕ ಕುಳಿತಿರುತ್ತೇವೆ. ಹಿಂದಿನ ಓಣಿಯ ಬಾಗಿಲು ತೆರೆದಿರುತ್ತದೆ. ನಾಚಿಕೆಯಿದ್ದವರು ಆ ಕಡೆಯಿಂದಲೇ ಬರಲಿ.