ಹಳೆಯ ವ್ಯಾನಿನ ಬ್ಯಾಟರಿ ಏಕೆ ಇಳಿಯುತ್ತದೆ?

(ನಮ್ಮ ಬ್ಲಾಕಿನ ಹಳ್ಳಿಯೊಂದರ ಯುವಕ ಮಂಡಲದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗೊಬ್ಬರದ ಮಾತು, ಬಿತ್ತನೆಯ ಮಾತು ಆಡಬೇಕಾದವನು ಇಂದು ವ್ಯಾನಿನ ಮಾತು ಆಡಲು ನಿಂತಿದ್ದಾನಲ್ಲ ಎಂದು ನಿಮ್ಮಲ್ಲಿ ಕೆಲವರು ನಗುತ್ತಿರಬಹುದು. ನಾನು ಕಲಿತದ್ದು ಕೃಷಿ ಡಿಪ್ಲೊಮಾ, ಮೆಕ್ಯಾನಿಕ್ ಕೆಲಸವಲ್ಲ. ಆದರೆ ಬೆಳೆ ಬೆಳೆಯುವುದು ಅರ್ಧ ಕೆಲಸವಾದರೆ, ಅದು ಕೆಡದೆ ಹೊತ್ತಿಗೆ ಸರಿಯಾಗಿ ಮಾರುಕಟ್ಟೆ ಮುಟ್ಟುವುದು ಇನ್ನರ್ಧ ಕೆಲಸ. ಆ ಇನ್ನರ್ಧ ಕೆಲಸ ನಮ್ಮ ಕಡೆ ಹಳೆಯ ವ್ಯಾನುಗಳ ಮೇಲೆ ನಿಂತಿದೆ. 1969ರಲ್ಲಿ ಬಂದ ಮೆಟಡೋರ್ ವ್ಯಾನು ಎಷ್ಟು ಮನೆಮಾತಾಯಿತೆಂದರೆ, ಬೇರೆ ಕಂಪನಿಯ ವ್ಯಾನನ್ನೂ ನಾವು ಮೆಟಡೋರ್ ಎಂದೇ ಕರೆಯುತ್ತೇವೆ. ಅಂಥ ಹಳೆಯ ಗಾಡಿಯನ್ನು ನಾಲ್ಕು ಮನೆಯವರು ಪಾಲಿನಲ್ಲಿ ಇಟ್ಟುಕೊಂಡು ಓಡಿಸುವುದು ಈಗಲೂ ಉಂಟು.

ಕಳೆದ ಬೇಸಿಗೆಯಲ್ಲಿ ನಡೆದ ಸಂಗತಿ ಹೇಳುತ್ತೇನೆ. ಪಾಲುದಾರರ ಹಳೆಯ ಡೀಸೆಲ್ ವ್ಯಾನೊಂದರಲ್ಲಿ ಟೊಮೇಟೊ ತುಂಬಿಕೊಂಡು ನಾವು ರಾತ್ರಿ ಎರಡು ಗಂಟೆಗೆ ಕೋಲಾರದ ಮಾರುಕಟ್ಟೆಗೆ ಹೊರಟೆವು. ಸ್ವಲ್ಪ ದೂರ ಹೋಗುವುದರೊಳಗೆ ದೀಪ ಹಳದಿಯಾಯಿತು. ಆಮೇಲೆ ಕೆಂಡದ ಹಾಗೆ ಕೆಂಪಾಯಿತು. ಹಳೆಯ ಡೀಸೆಲ್ ಎಂಜಿನ್ನಿಗೆ ಓಡುತ್ತಿರುವಾಗ ಬ್ಯಾಟರಿಯ ಹಂಗಿಲ್ಲ. ದೀಪ ಆರಿದರೂ ಎಂಜಿನ್ ನಿಲ್ಲದು. ಇದೇ ಅಪಾಯ. ಓಡುತ್ತಿದೆಯಲ್ಲ ಎಂದು ಓಡಿಸುತ್ತ ಹೋದೆವು. ಎದುರಿಗೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಒಬ್ಬ ಅಜ್ಜ ಬರುತ್ತಿದ್ದುದು ಹತ್ತು ಮಾರು ದೂರ ಬರುವವರೆಗೂ ನಮಗೆ ಕಾಣಲಿಲ್ಲ. ಡ್ರೈವರಣ್ಣ ಗಾಡಿಯನ್ನು ಎಡಕ್ಕೆ ಎಳೆದ. ಗಾಡಿ ಚರಂಡಿಗೆ ಇಳಿಯಿತು. ಅಜ್ಜನಿಗೆ ಏನೂ ಆಗಲಿಲ್ಲ, ನಮಗೂ ಆಗಲಿಲ್ಲ. ಅರ್ಧ ಟೊಮೇಟೊ ಮಾತ್ರ ಚರಂಡಿ ಪಾಲಾಯಿತು.

ಎರಡು ವರ್ಷದೊಳಗೆ ಆ ಗಾಡಿಗೆ ಅದು ಮೂರನೆಯ ಬ್ಯಾಟರಿ. ಬೆಳಗ್ಗೆ ಪಾಲುದಾರರು ನಾಲ್ಕನೆಯದನ್ನು ತರಲು ದುಡ್ಡು ಕೂಡಿಸುತ್ತಿದ್ದರು. ಪಟ್ಟಣದ ಹಳೆಯ ಎಲೆಕ್ಟ್ರಿಷಿಯನ್ ಒಬ್ಬರು ಬಂದು ನೋಡಿ, “ಬ್ಯಾಟರಿ ತರಬೇಡಿ, ಮೊದಲು ಇದನ್ನು ನೋಡಿ” ಎಂದು ಎರಡು ಕಡೆ ಕೈ ತೋರಿಸಿದರು. ಒಂದು, ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಅರ್ತ್ ಪಟ್ಟಿ. ಅದು ಹಸಿರು ಕಿಲುಬು ಹಿಡಿದು ನಾಲ್ಕಾರು ಎಳೆಗಳ ಮೇಲೆ ನಿಂತಿತ್ತು. ಇನ್ನೊಂದು, ಕನ್ನಡಿಯ ಹಾಗೆ ನುಣುಪಾಗಿ ಸಡಿಲಗೊಂಡಿದ್ದ ಫ್ಯಾನ್ ಬೆಲ್ಟು. ಎರಡನ್ನೂ ಬದಲಾಯಿಸಿ, ಅದೇ ಬ್ಯಾಟರಿಯನ್ನು ಚಾರ್ಜು ಮಾಡಿಸಿ ಹಾಕಿದರು. ಅದೇ ಬ್ಯಾಟರಿ ಇಂದಿಗೂ ಓಡುತ್ತಿದೆ. ಆ ಹಿರಿಯರ ಪಕ್ಕದಲ್ಲಿ ಕುಳಿತು ಕಲಿತುದನ್ನೂ, ಆಮೇಲೆ ಓದಿ ತಿಳಿದುದನ್ನೂ ನಿಮಗೆ ಹೇಳುತ್ತೇನೆ.

ತೊಟ್ಟಿಯೂ ಪಂಪೂ

ಬ್ಯಾಟರಿ ಎಂಬುದು ತೋಟದ ನೀರಿನ ತೊಟ್ಟಿ. ಡೈನಮೋ ಅಥವಾ ಆಲ್ಟರ್ನೇಟರ್ ಎಂಬುದು ತೊಟ್ಟಿ ತುಂಬಿಸುವ ಪಂಪು. ಪಂಪನ್ನು ತಿರುಗಿಸುವುದು ಫ್ಯಾನ್ ಬೆಲ್ಟು. ರೆಗ್ಯುಲೇಟರ್ ಎಂಬುದು ತೊಟ್ಟಿ ಉಕ್ಕದಂತೆ ನೀರನ್ನು ಹತೋಟಿಯಲ್ಲಿಡುವ ತೂಬು. ಡೈನಮೋ ಗಾಡಿಯಲ್ಲಿ ಕಟ್‌ಔಟ್ ಎಂಬುದೊಂದು ಉಂಟು. ಅದು ನಿಮ್ಮ ಬಾವಿಯ ಫುಟ್‌ವಾಲ್ವಿನ ಹಾಗೆ. ಎಂಜಿನ್ ನಿಂತಾಗ ತೊಟ್ಟಿಯ ನೀರು ಹಿಂದಕ್ಕೆ ಹರಿಯದಂತೆ ಬಾಗಿಲು ಮುಚ್ಚುವುದು ಅದರ ಕೆಲಸ. ಈ ಎಲ್ಲವನ್ನೂ ಕೂಡಿಸುವ ವೈರುಗಳೂ ಅರ್ತ್ ಪಟ್ಟಿಯೂ ಕಾಲುವೆಗಳು.

ತೊಟ್ಟಿ ಬರಿದಾಯಿತೆಂದು ಹೊಸ ತೊಟ್ಟಿ ಕಟ್ಟಿಸುವ ರೈತರನ್ನು ನಾನು ಕಂಡಿಲ್ಲ. ಪಂಪು ನೀರೆತ್ತುತ್ತಿದೆಯೇ, ಕಾಲುವೆ ಎಲ್ಲಿ ಒಡೆದಿದೆ ಎಂದು ಮೊದಲು ನೋಡುತ್ತೀರಿ. ವ್ಯಾನಿನ ವಿಷಯದಲ್ಲಿ ಮಾತ್ರ ನಾವು ತೊಟ್ಟಿಯನ್ನೇ ಬದಲಾಯಿಸುತ್ತೇವೆ. ಹೊಸ ಬ್ಯಾಟರಿ ಅಂಗಡಿಯಿಂದ ತುಂಬಿಕೊಂಡೇ ಬರುತ್ತದೆ. ಪಂಪು ಕೆಟ್ಟಿದ್ದರೂ ಅದು ಎರಡು ದಿನ ಗಾಡಿಯನ್ನು ಓಡಿಸುತ್ತದೆ. ಆಗ ‘ಬ್ಯಾಟರಿಯದೇ ತಪ್ಪು’ ಎಂಬ ನಂಬಿಕೆ ಬಲವಾಗುತ್ತದೆ. ನಾವು ಮೋಸಹೋಗುವುದು ಇಲ್ಲಿಯೇ.

ಮೊದಲು ಎಚ್ಚರಿಕೆ

ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಡುತ್ತದೆ. ಅದು ಕಿಡಿ ತಾಕಿದರೆ ಸಿಡಿಯುತ್ತದೆ. ಆದುದರಿಂದ ಬ್ಯಾಟರಿಯ ಹತ್ತಿರ ಬೀಡಿ ಹಚ್ಚಕೂಡದು, ಕಡ್ಡಿ ಗೀರಿ ನೀರಿನ ಮಟ್ಟ ನೋಡಕೂಡದು. ಆಸಿಡ್ ಮೈಗೆ ತಾಗಿದರೆ ಧಾರಾಳವಾಗಿ ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಕಾಲುಗಂಟೆ ಹೊತ್ತು ನೀರು ಬಿಟ್ಟು ತೊಳೆದು ಡಾಕ್ಟರ ಬಳಿಗೆ ಹೋಗಿರಿ. ಬ್ಯಾಟರಿ ಬಿಚ್ಚುವಾಗ ಅರ್ತ್ ತುದಿಯನ್ನು ಮೊದಲು ಬಿಚ್ಚಿ, ಹಾಕುವಾಗ ಅದನ್ನು ಕೊನೆಗೆ ಹಾಕಿರಿ. ಆಗ ಸ್ಪ್ಯಾನರ್ ಚಾಸಿಗೆ ತಾಗಿದರೂ ಕಿಡಿ ಹಾರದು.

ಇನ್ನೊಂದು ಮಾತು. ಈಗಿನ ಗಾಡಿಗಳಲ್ಲಿ ಮೈನಸ್ ತುದಿ ಚಾಸಿಗೆ ಸೇರಿರುತ್ತದೆ. 1960ರ ದಶಕದ ನಡುವಿನವರೆಗೆ ಬಂದ ಅನೇಕ ಇಂಗ್ಲಿಷ್ ಗಾಡಿಗಳಲ್ಲಿ ಪ್ಲಸ್ ತುದಿಯೇ ಚಾಸಿಗೆ ಸೇರಿರುತ್ತಿತ್ತು. ಬಹಳ ಹಳೆಯ ಗಾಡಿಯಾದರೆ ಯಾವ ತುದಿ ಎಲ್ಲಿದೆ ಎಂದು ನೋಡಿ ಬರೆದಿಟ್ಟುಕೊಂಡೇ ಬಿಚ್ಚಿರಿ.

ಕಣ್ಣು, ಕೈಗಳಿಂದ ಪರೀಕ್ಷೆ

ಈ ಪರೀಕ್ಷೆಗೆ ಕಾಸು ಖರ್ಚಿಲ್ಲ.

ಒಂದು: ಬ್ಯಾಟರಿಯ ತುದಿಗಳು. ಬಿಳಿ ಅಥವಾ ಹಸಿರು ಬೂಷ್ಟು ಕಂಡರೆ ಬಿಚ್ಚಿ, ಅಡಿಗೆ ಸೋಡ ಕದಡಿದ ಬಿಸಿನೀರಿನಿಂದ ತೊಳೆದು, ಹೊಳೆಯುವಂತೆ ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲಿನ್ ಸವರಿರಿ. ಸೋಡದ ನೀರು ಬ್ಯಾಟರಿಯ ಒಳಕ್ಕೆ ಹೋಗಬಾರದು, ಮುಚ್ಚಳಗಳು ಬಿಗಿಯಾಗಿರಲಿ.

ಎರಡು: ನೀರಿನ ಮಟ್ಟ. ಮುಚ್ಚಳ ತೆಗೆಯುವ ಬಗೆಯ ಬ್ಯಾಟರಿಯಾದರೆ ಒಳಗಿನ ಫಲಕಗಳು ಮುಳುಗಿರಬೇಕು. ಕಡಿಮೆಯಾದರೆ ಡಿಸ್ಟಿಲ್ಡ್ ನೀರನ್ನೇ ಹಾಕಿರಿ. ನಮ್ಮ ಬೋರ್‌ವೆಲ್ ನೀರಿನ ಲವಣ ಬ್ಯಾಟರಿಗೆ ವಿಷ. ಮಟ್ಟ ಇಳಿಯಿತೆಂದು ಆಸಿಡ್ ಸುರಿಯಬಾರದು.

ಮೂರು: ಫ್ಯಾನ್ ಬೆಲ್ಟು. ಎಂಜಿನ್ ನಿಂತಿರುವಾಗ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು. ಹೆಚ್ಚು ಬಗ್ಗಿದರೆ ಜಾರುತ್ತದೆ. ಬಗ್ಗದಿದ್ದರೆ ಬೇರಿಂಗ್ ತಿನ್ನುತ್ತದೆ. ದೀಪ ಹಾಕಿ ಎಂಜಿನ್ ಎತ್ತಿದಾಗ ‘ಕೀ’ ಎಂದು ಕಿರುಚಿದರೆ ಬೆಲ್ಟು ಜಾರುತ್ತಿದೆ ಎಂದೇ ಅರ್ಥ.

ನಾಲ್ಕು: ಅರ್ತ್ ಪಟ್ಟಿಗಳು. ಬ್ಯಾಟರಿಯಿಂದ ಚಾಸಿಗೆ ಒಂದು, ಎಂಜಿನ್ನಿನಿಂದ ಚಾಸಿಗೆ ಒಂದು. ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ. ಈ ಪಟ್ಟಿ ಇಲ್ಲದಿದ್ದರೆ ಕರೆಂಟು ಹಿಂದಿರುಗಲು ನೆಟ್ಟಗಿನ ದಾರಿಯೇ ಇಲ್ಲ. ಸ್ಟಾರ್ಟು ಮಾಡುವಾಗ ಎಂಜಿನ್ ಬೇಸರದಿಂದ ತಿರುಗಿ ನಿಲ್ಲುವುದು, ಪಟ್ಟಿ ಕೈಗೆ ಬಿಸಿ ಹತ್ತುವುದು ಇದರ ಲಕ್ಷಣ. ನಮ್ಮ ವ್ಯಾನಿನಲ್ಲಿ ಇದೇ ಲಕ್ಷಣವನ್ನು ‘ಬ್ಯಾಟರಿ ವೀಕು’ ಎಂದು ಎರಡು ವರ್ಷ ತಿಳಿದಿದ್ದೆವು.

ಮೀಟರಿನ ಪರೀಕ್ಷೆ

ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಕ್ಕುವ ಸಣ್ಣ ಮೀಟರು ಒಂದು ಹಳ್ಳಿಗೆ ಒಂದಿದ್ದರೆ ಸಾಕು. ಇದನ್ನು ಯುವಕ ಮಂಡಲವೇ ಕೊಂಡಿಡಬಹುದು. ನಾನು ಹೇಳುವ ಅಂಕಿಗಳು 12 ವೋಲ್ಟಿನ ಗಾಡಿಗೆ.

ಗಾಡಿ ರಾತ್ರಿಯಿಡೀ ನಿಂತ ಮೇಲೆ ಬೆಳಗ್ಗೆ ಬ್ಯಾಟರಿಯ ಎರಡು ತುದಿಗೆ ಮೀಟರು ಇಡಿರಿ. ಸುಮಾರು 12.6 ತೋರಿಸಿದರೆ ತೊಟ್ಟಿ ತುಂಬಿದೆ. 12.2 ಆದರೆ ಅರ್ಧ. 12ಕ್ಕಿಂತ ಕೆಳಗಾದರೆ ಬಹುಮಟ್ಟಿಗೆ ಬರಿದು.

ಈಗ ಎಂಜಿನ್ ಸ್ಟಾರ್ಟು ಮಾಡಿ ಮಧ್ಯಮ ವೇಗಕ್ಕೆ ಎತ್ತಿರಿ. ಮೀಟರು 13.5ರಿಂದ 14.5ರವರೆಗೆ ಏರಿದರೆ ಪಂಪು ನೀರೆತ್ತುತ್ತಿದೆ. ಏರದೆ 12.5ರ ಸುಮಾರಿನಲ್ಲೇ ನಿಂತರೆ, ಅಥವಾ ದೀಪ ಹಾಕಿದೊಡನೆ ಇಳಿಯುತ್ತ ಹೋದರೆ, ಚಾರ್ಜಿಲ್ಲ. 15 ದಾಟಿ ನಿಂತರೆ ತೂಬು ಕೆಟ್ಟಿದೆ. ಬ್ಯಾಟರಿ ನೀರು ಕುಡಿಯುತ್ತದೆ, ಬಲ್ಬುಗಳು ಸುಡುತ್ತವೆ.

ಎಂಜಿನ್ ಓಡುತ್ತ ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೂ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಇಡಿರಿ. ಹೆಚ್ಚುಕಡಿಮೆ ಸೊನ್ನೆ ಬರಬೇಕು. ಅರ್ಧ ವೋಲ್ಟು ಬಂದರೆ ಅರ್ತ್ ಕಾಲುವೆಯಲ್ಲಿ ಹೂಳು ತುಂಬಿದೆ ಎಂದು ತಿಳಿಯಿರಿ.

ಕೆಂಪು ದೀಪದ ಭಾಷೆ

ಡ್ಯಾಷ್‌ಬೋರ್ಡಿನ ಕೆಂಪು ಚಾರ್ಜು ದೀಪ ಸುಮ್ಮನೆ ಅಲಂಕಾರಕ್ಕಲ್ಲ. ಬೀಗ ತಿರುಗಿಸಿದೊಡನೆ ಅದು ಹತ್ತಬೇಕು; ಎಂಜಿನ್ ಎದ್ದ ಮೇಲೆ ಆರಬೇಕು. ಹತ್ತದೇ ಹೋದರೆ ಬಲ್ಬು ಸುಟ್ಟಿದೆ ಅಥವಾ ವೈರು ಕಡಿದಿದೆ. ಮೊದಲು ಅದನ್ನೇ ಸರಿಪಡಿಸಿ. ಅನೇಕ ಆಲ್ಟರ್ನೇಟರುಗಳು ಈ ಬಲ್ಬಿನ ಮೂಲಕವೇ ಮೊದಲ ಕರೆಂಟು ಪಡೆದು ಏಳುತ್ತವೆ. ವೇಗ ಏರಿದರೂ ದೀಪ ಆರದಿದ್ದರೆ ಚಾರ್ಜಾಗುತ್ತಿಲ್ಲ. ಆಗ ದೂರದ ಪ್ರಯಾಣ ಹೊರಡಬಾರದು, ಅದರಲ್ಲಿಯೂ ರಾತ್ರಿ.

ಡೈನಮೋವೋ ಆಲ್ಟರ್ನೇಟರೋ?

ಡೈನಮೋ ಉದ್ದವಾದ ಡಬ್ಬಿಯ ಆಕಾರ. ಸಾಮಾನ್ಯವಾಗಿ ಅದಕ್ಕೆ ‘ಡಿ’, ‘ಎಫ್’ ಎಂಬ ಎರಡು ತುದಿ. ಆಲ್ಟರ್ನೇಟರ್ ಗಿಡ್ಡ, ದಪ್ಪ. ಮೈಯಲ್ಲಿ ಗಾಳಿಕಿಂಡಿಗಳು ಹೆಚ್ಚು. 1960ರ ದಶಕದಿಂದ ಕಾರಿನ ಕಂಪನಿಗಳು ಡೈನಮೋ ಬಿಟ್ಟು ಆಲ್ಟರ್ನೇಟರಿಗೆ ಬರಲು ಒಂದು ಕಾರಣವೆಂದರೆ, ಎಂಜಿನ್ ನಿಧಾನ ತಿರುಗುವಾಗ ಡೈನಮೋ ಕೊಡುವುದು ಬಹಳ ಸ್ವಲ್ಪ.

ಲೂಕಾಸ್ ಬಗೆಯ ಡೈನಮೋವನ್ನು ಪರೀಕ್ಷಿಸುವ ಕ್ರಮ ಇದು. ಅದರ ಎರಡು ವೈರನ್ನೂ ಕಳಚಿ, ‘ಡಿ’ ಮತ್ತು ‘ಎಫ್’ ತುದಿಗಳನ್ನು ಒಂದು ತುಂಡು ವೈರಿನಿಂದ ಕೂಡಿಸಿರಿ. ಅಲ್ಲಿಗೂ ಡೈನಮೋವಿನ ಮೈಗೂ ಮೀಟರು ಇಟ್ಟು ಎಂಜಿನ್ನನ್ನು ನಿಧಾನವಾಗಿ ಎತ್ತಿರಿ. ಮುಳ್ಳು ತಡವರಿಸದೆ ಸರಸರನೆ ಏರಿದರೆ ಡೈನಮೋ ಚೆನ್ನಾಗಿದೆ. ತಪ್ಪು ವೈರಿನಲ್ಲಿ ಅಥವಾ ರೆಗ್ಯುಲೇಟರಿನಲ್ಲಿದೆ. 20 ವೋಲ್ಟು ದಾಟಲು ಬಿಡಬಾರದು. ಅರ್ಧದಿಂದ ಒಂದು ವೋಲ್ಟು ಮಾತ್ರ ಬಂದರೆ ಫೀಲ್ಡ್ ಸುರುಳಿಯ ಮೇಲೂ, ನಾಲ್ಕೈದು ವೋಲ್ಟಿನಲ್ಲೇ ನಿಂತರೆ ಆರ್ಮೇಚರಿನ ಮೇಲೂ ಸಂಶಯಪಡಬೇಕು. ಜೀಪುಗಳ ಕೆಲವು ಡೈನಮೋಗಳ ಕಟ್ಟು ಬೇರೆ. ಅವಕ್ಕೆ ಈ ಕ್ರಮ ಹೊಂದದು. ಬಗೆ ತಿಳಿಯದಿದ್ದರೆ ಇದನ್ನು ಎಲೆಕ್ಟ್ರಿಷಿಯನ್ನರಿಗೇ ಬಿಡಿರಿ. ಒಳಗಿನ ಬ್ರಷ್ಷು ಸವೆದಿರುವುದೂ, ಕಮ್ಯುಟೇಟರ್ ಕಪ್ಪಾಗಿರುವುದೂ ಸಾಮಾನ್ಯ. ಅದನ್ನು ನಯವಾದ ಗಾಜಿನ ಕಾಗದದಿಂದ ಉಜ್ಜಬೇಕೇ ಹೊರತು ಎಮರಿ ಕಾಗದದಿಂದಲ್ಲ. ಎಮರಿಯ ಪುಡಿ ಸಂದಿನಲ್ಲಿ ಕೂತು ಕೆಡಿಸುತ್ತದೆ.

ಆಲ್ಟರ್ನೇಟರಿಗೆ ಈ ಪರೀಕ್ಷೆ ಮಾಡಲೇಬಾರದು. ‘ಬ್ಯಾಟರಿ ಬಿಚ್ಚಿ ನೋಡು, ಎಂಜಿನ್ ಓಡಿದರೆ ಚಾರ್ಜು ಸರಿ’ ಎಂದು ಹೇಳುವವರಿದ್ದಾರೆ. ಓಡುವ ಎಂಜಿನ್ನಿನಿಂದ ಬ್ಯಾಟರಿ ಬಿಚ್ಚಿದರೆ ವೋಲ್ಟೇಜು ಒಮ್ಮೆಗೇ ಹಾರಿ ಒಳಗಿನ ಡಯೋಡುಗಳು ಸುಟ್ಟುಹೋಗಬಹುದು. ಅಲ್ಲದೆ ಡೀಸೆಲ್ ಎಂಜಿನ್ ಹೇಗೂ ಓಡುತ್ತದೆ; ಅದರಿಂದ ಯಾವ ಸಂಗತಿಯೂ ತಿಳಿಯದು. ಗಾಡಿಗೆ ವೆಲ್ಡಿಂಗ್ ಮಾಡಿಸುವಾಗ ಮಾತ್ರ, ಎಂಜಿನ್ ನಿಲ್ಲಿಸಿ, ಬ್ಯಾಟರಿಯನ್ನು ಮರೆಯದೆ ಬಿಚ್ಚಿರಿ.

ಆದಾಯಕ್ಕಿಂತ ಖರ್ಚು ಹೆಚ್ಚಾದರೆ

ಎಲ್ಲವೂ ಸರಿಯಿದ್ದರೂ ಬ್ಯಾಟರಿ ಇಳಿಯುವುದುಂಟು. ಲೆಕ್ಕ ಹಾಕೋಣ. 60 ವ್ಯಾಟಿನ ಎರಡು ಹೆಡ್‌ಲೈಟು ಸೇರಿ 120 ವ್ಯಾಟು. 12 ವೋಲ್ಟಿಗೆ 10 ಆಂಪಿಯರು. ಸುಮಾರು 22 ಆಂಪಿಯರು ಕೊಡುವ ಡೈನಮೋವಿಗೆ ಇದು ಭಾರವಲ್ಲ. ಅದರ ಬದಲು 100 ವ್ಯಾಟಿನ ಎರಡು ಬಲ್ಬು ಹಾಕಿದರೆ ಹದಿನೇಳು ಆಂಪಿಯರು ಅಲ್ಲಿಗೇ ಹೋಯಿತು. ಮೇಲೆ ಹಾಡಿನ ಪೆಟ್ಟಿಗೆ, ಫ್ಯಾನು, ಬಣ್ಣದ ದೀಪಗಳು. ಹತ್ತು ಪಲ್ಲ ಬೆಳೆದು ಹನ್ನೆರಡು ಪಲ್ಲ ಮಾರಲು ಹೊರಟ ಹಾಗೆ ಆಗುತ್ತದೆ.

ಗಾಡಿ ನಿಂತಲ್ಲೇ ಬ್ಯಾಟರಿ ಇಳಿದರೆ ಎಲ್ಲಾ ಸ್ವಿಚ್ಚು ಆರಿಸಿ, ಒಂದು ತುದಿಯ ಕ್ಲಾಂಪು ಕಳಚಿ, ಆ ತುದಿಗೂ ಕ್ಲಾಂಪಿಗೂ ನಡುವೆ ಸಣ್ಣ 12 ವೋಲ್ಟಿನ ಬಲ್ಬು ಹಿಡಿಯಿರಿ. ಹಳೆಯ ಗಾಡಿಯಲ್ಲಿ ಬಲ್ಬು ಹತ್ತಿದರೆ ಎಲ್ಲಿಯೋ ಸೋರಿಕೆ ಉಂಟು. ಕಟ್‌ಔಟಿನ ಬಾಯಿ ಅಂಟಿಕೊಂಡರೂ ಹೀಗೆ ಆಗುತ್ತದೆ. ಎಂಜಿನ್ ನಿಂತ ಮೇಲೆಯೂ ಡೈನಮೋ ಬಿಸಿಯೇರುತ್ತಿದ್ದರೆ ಕೂಡಲೇ ಬ್ಯಾಟರಿ ಬಿಚ್ಚಿರಿ.

ಬ್ಯಾಟರಿ ಎಂದೂ ಕೆಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಪೂರ್ತಿ ಚಾರ್ಜು ಮಾಡಿಸಿ, ವೈರು ಕಳಚಿಟ್ಟರೂ ಒಂದೆರಡು ದಿನದಲ್ಲಿ ತಾನಾಗಿಯೇ ಇಳಿದರೆ ಅದರ ಆಯುಸ್ಸು ತೀರಿದೆ. ಆಗ ಹೊಸದನ್ನು ತನ್ನಿ. ಆದರೆ ಅದು ಕೊನೆಯ ಮಾತಾಗಿರಲಿ, ಮೊದಲನೆಯದಲ್ಲ.

ಇಂದು ಭಾಷಣ ಮುಗಿದ ಮೇಲೆ ನಮ್ಮ ಊರಿನ ಎರಡು ವ್ಯಾನುಗಳನ್ನೂ ಅಂಗಳಕ್ಕೆ ತರಿಸಿದ್ದೇವೆ. ನಾನು ಹೇಳಿದ್ದನ್ನು ನಂಬಬೇಡಿ. ಮೀಟರು ಇಟ್ಟು ನೀವೇ ನೋಡಿರಿ. ಮುಂದಿನ ಸಲ ಸಂಜೆ ಸರಕು ತುಂಬುವ ಮೊದಲು ಬೆಲ್ಟಿಗೆ ಒಂದು ಬೆರಳು, ಕೆಂಪು ದೀಪಕ್ಕೆ ಒಂದು ನೋಟ ಕೊಡಿರಿ. ಕತ್ತಲಲ್ಲಿ ಎದುರಿಗೆ ಸೈಕಲ್ಲಿನ ಮೇಲೆ ಬರುವ ಅಜ್ಜ ನಮ್ಮ ನಿಮ್ಮ ಮನೆಯವನೇ ಆಗಿರಬಹುದು.